ವ್ಯಾಯಾಮದ ಸೈಕಲ್ ತುಳಿದಾಗ ಕರಗಿದ ಕ್ಯಾಲೊರಿ ಎಷ್ಟು?

ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಹಾಗಾಗಿ ಮನೆಗೆ ವ್ಯಾಯಾಮದ ಸೈಕಲ್ ಬಂದಾಗ ಮೊದಲು ಪರೀಕ್ಷೆಗೆ ಒಡ್ಡಿದ್ದು ಅದರ ಕ್ಯಾಲೊರಿ ಲೆಕ್ಕವನ್ನೇ. ನೀವೂ ಮಾಡಿ ನೋಡಿ. ಬಿಗಿತ ಹೊಂದಿಸುವ ತಿರುಪನ್ನು ಪೂರ್ತಿ ಸಡಿಲಿಸಿ, ನಿಮಿಷಕ್ಕೆ 60 ಸುತ್ತಿನಂತೆ ಐದು ನಿಮಿಷ ತುಳಿಯಿರಿ. ಪರದೆಯ ಮೇಲಿನ ಕ್ಯಾಲೊರಿಯನ್ನು ಬರೆದುಕೊಳ್ಳಿ. ಸ್ವಲ್ಪ ಸುಧಾರಿಸಿಕೊಂಡು, ತಿರುಪನ್ನು ತೊಡೆಗೆ ಚೆನ್ನಾಗಿ ಭಾರ ತಾಗುವಷ್ಟು ಬಿಗಿ ಮಾಡಿ, ಅದೇ ವೇಗದಲ್ಲಿ ಮತ್ತೆ ಐದು ನಿಮಿಷ. ಎರಡೂ ಸಲ ಒಂದೇ ಅಂಕಿ ಬಂದರೆ ಯಂತ್ರ ಸುತ್ತುಗಳನ್ನಷ್ಟೇ ಎಣಿಸುತ್ತಿದೆ ಎಂದರ್ಥ. ನಿಮ್ಮ ಕಾಲು ಪಟ್ಟ ಶ್ರಮ ಅದಕ್ಕೆ ತಿಳಿಯುವುದೇ ಇಲ್ಲ. ನಮ್ಮ ಮನೆಯದೂ ಆ ಜಾತಿಯದೇ. ಅಂಥ ಅಂಕಿಯನ್ನು ನಂಬಬೇಡಿ.

ವ್ಯಾಟ್ ತೋರಿಸುವ ಸೈಕಲ್ ಸಿಕ್ಕರೆ ಪುಣ್ಯ. ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಸರಾಸರಿ 100 ವ್ಯಾಟ್‌ನಲ್ಲಿ ಅರ್ಧ ಗಂಟೆ, ಅಂದರೆ 1,800 ಸೆಕೆಂಡು ತುಳಿದರೆ ಪೆಡಲಿಗೆ ಸಂದ ಕೆಲಸ 180 ಕಿಲೋಜೂಲ್. ಆಹಾರದ ಒಂದು ಕ್ಯಾಲೊರಿಗೆ 4.18 ಕಿಲೋಜೂಲ್, ಆ ಪ್ರಕಾರ ಬರೀ 43 ಕ್ಯಾಲೊರಿ. ಆದರೆ ದೇಹ ಉರಿಸುವ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ಸುಮಾರು ಶೇ 20ರಿಂದ 25 ಮಾತ್ರ, ಮಿಕ್ಕದ್ದೆಲ್ಲ ಶಾಖ. ಆದ್ದರಿಂದ ನಿಜವಾಗಿ ಖರ್ಚಾದದ್ದು 170ರಿಂದ 215 ಕ್ಯಾಲೊರಿ. ಗಮನಿಸಿದಿರಾ? ನಾಲ್ಕರಿಂದ ಭಾಗಿಸಿ ಮತ್ತೆ ನಾಲ್ಕರಿಂದ ಗುಣಿಸಿದಂತಾಗಿ, ಕಿಲೋಜೂಲ್ ಅಂಕಿಯೇ ಹೆಚ್ಚುಕಡಿಮೆ ಕ್ಯಾಲೊರಿ ಅಂಕಿಯಾಯಿತು. ಇಷ್ಟು ಚೆಂದದ ಕಾಕತಾಳೀಯ ಲೆಕ್ಕಗಳಲ್ಲಿ ಅಪರೂಪ.

ವ್ಯಾಟ್ ಇಲ್ಲದಿದ್ದರೆ ಉಸಿರೇ ಅಳತೆಗೋಲು. ಸುಮ್ಮನೆ ಕುಳಿತಾಗ ದೇಹ ಬಳಸುವ ಶಕ್ತಿಯನ್ನು 1 ಮೆಟ್ ಎನ್ನುತ್ತಾರೆ: ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ. ನನ್ನ ಹೆಂಡತಿ ದೇವರನಾಮ ಹಾಡಿಕೊಳ್ಳುತ್ತಲೇ ತುಳಿಯುತ್ತಾಳೆ. ಹಾಡು ಸಲೀಸಾಗಿ ಬರುತ್ತಿದ್ದರೆ 3.5 ಮೆಟ್ ಎಂದು ಹಿಡಿಯಿರಿ. ಹಾಡಲಾಗದು, ಮಾತನಾಡಬಹುದು ಎಂದಾದರೆ 5. ನಾಲ್ಕು ಮಾತಿಗೇ ಏದುಸಿರು ಬಂದರೆ 7 ಅಥವಾ 8.

ಮೆಟ್, ತೂಕ, ಗಂಟೆ, ಈ ಮೂರನ್ನೂ ಗುಣಿಸಿ. 65 ಕಿಲೋ ತೂಕದವರು 5 ಮೆಟ್‌ನಲ್ಲಿ ಅರ್ಧ ಗಂಟೆ ತುಳಿದರೆ ಸುಮಾರು 162 ಕ್ಯಾಲೊರಿ. ಅದರಲ್ಲಿ 32 ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿತ್ತು. ಊಟದ ಲೆಕ್ಕ ಇಡುವವರು ಅದನ್ನು ಕಳೆಯಲೇಬೇಕು. ಉಳಿಯುವ 130 ಕ್ಯಾಲೊರಿ 25 ಗ್ರಾಂ ಕಡಲೆಕಾಯಿ ಬೀಜ ತಿಂದರೆ ಮರಳಿ ಬಂದುಬಿಡುತ್ತದೆ.

ತೂಕ ಹೆಚ್ಚಿರುವವರಿಗೆ ಒಂದು ಮಾತು. ನಡೆಯುವಾಗ ಮೈಭಾರವನ್ನು ಕಾಲು ಹೊರುತ್ತದೆ. ಸೈಕಲ್ ಮೇಲೆ ಬಹುಪಾಲು ಸೀಟೇ ಹೊರುತ್ತದೆ. 90 ಕಿಲೋದವರೂ 60 ಕಿಲೋದವರೂ ಒಂದೇ ವ್ಯಾಟ್‌ನಲ್ಲಿ ತುಳಿದರೆ ಇಬ್ಬರ ಖರ್ಚಿನಲ್ಲಿ ತೂಕದಲ್ಲಿರುವಷ್ಟು ಅಂತರ ಇರುವುದಿಲ್ಲ. ಇಬ್ಬರಿಗೂ ಒಂದೇ ಮೆಟ್ ಹಿಡಿದು ತೂಕದಿಂದ ಗುಣಿಸಿದರೆ ಭಾರದವರ ಅಂಕಿ ಉಬ್ಬುತ್ತದೆ. ಎರಡೂ ದಾರಿ ತೆರೆದಿದ್ದರೆ ವ್ಯಾಟ್ ಲೆಕ್ಕವನ್ನೇ ಹಿಡಿಯಿರಿ.