ಅಮೆರಿಕದ ಆರಂಭದ ಸಾಮಾಜಿಕ ಇತಿಹಾಸ: ಗಂಗಾವತಿಯಲ್ಲಿ ಕೂತು ಪರೀಕ್ಷೆಗೆ ಓದುವುದು ಹೇಗೆ

ಬಾಸ್ಟನ್ ಟೀ ಪಾರ್ಟಿ, ವಾಷಿಂಗ್ಟನ್, ಸಂವಿಧಾನ. ಇಷ್ಟು ಎಲ್ಲರಿಗೂ ಹೇಗೋ ನೆನಪಿರುತ್ತದೆ. "ವಸಾಹತು ಕಾಲದ ಸಾಮಾಜಿಕ ಜೀವನವನ್ನು ವಿವರಿಸಿ" ಅಂತ ಪ್ರಶ್ನೆ ಬಂದರೆ ಮಾತ್ರ ಪೆನ್ನು ನಿಂತುಬಿಡುತ್ತದೆ. ನಾನು ಗಂಗಾವತಿಯಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಕಾರಟಗಿ, ಕನಕಗಿರಿ ಕಡೆಯಿಂದ ಎಂ.ಎ. ಓದುವ ಹುಡುಗ ಹುಡುಗಿಯರು ಸಂಜೆ ಮನೆಗೆ ಬರುತ್ತಾರೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಸಾಗಲೆಂದೇ ಮಾಡಿದ ಆ ಚುಟುಕು ಗೈಡು, ಪಾಸಿಂಗ್ ಪ್ಯಾಕೇಜ್, ಬದಿಗಿಡಿ. "ಜನರು ಧರ್ಮನಿಷ್ಠರಾಗಿದ್ದರು, ಕುಟುಂಬಕ್ಕೆ ಮಹತ್ವವಿತ್ತು, ಶಿಕ್ಷಣಕ್ಕೆ ಪ್ರೋತ್ಸಾಹವಿತ್ತು" ಎಂದು ಅದರಲ್ಲಿರುತ್ತದೆ. ಯಾವ ಜನರು? ಯಾವ ಊರಿನವರು? ಮ್ಯಾಸಚೂಸೆಟ್ಸ್‌ಗೆ ಈ ಮಾತು ತಕ್ಕಮಟ್ಟಿಗೆ ಒಪ್ಪುತ್ತದೆ. ಅದೇ ಕಾಲದ ವರ್ಜೀನಿಯಾದಲ್ಲಿ ಕುಟುಂಬ ಕಟ್ಟಿಕೊಳ್ಳುವುದೇ ಕಷ್ಟವಾಗಿತ್ತು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಅಂಕ ಹೋಗುತ್ತದೆ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ನಾಲ್ಕು ಪ್ರದೇಶಗಳ ಹೆಸರು ಬರೆಯಿರಿ: ಮ್ಯಾಸಚೂಸೆಟ್ಸ್ ಕಡೆಯ ನ್ಯೂ ಇಂಗ್ಲೆಂಡ್, ನ್ಯೂಯಾರ್ಕ್-ಪೆನ್ಸಿಲ್ವೇನಿಯಾ ಕಡೆಯ ನಡುವಿನ ವಸಾಹತುಗಳು, ಚೆಸಾಪೀಕ್ ಅಂದರೆ ವರ್ಜೀನಿಯಾ ಮತ್ತು ಮೇರಿಲ್ಯಾಂಡ್, ಆಮೇಲೆ ಕೆರೊಲಿನಾ-ಜಾರ್ಜಿಯಾ ಕಡೆಯ ಕೆಳ ದಕ್ಷಿಣ. ಉದ್ದಕ್ಕೆ ಪ್ರಶ್ನೆಗಳು. ಏನು ಬೆಳೆದರು? ಯಾರು ದುಡಿದರು? ಎಷ್ಟು ವರ್ಷ ಬದುಕಿದರು? ಹೆಣ್ಣಿನ ಕೈಗೆ ಏನು ಬಂತು? ಗವರ್ನರ್‌ಗಳ ಹೆಸರು ಈ ಹಾಳೆಗೆ ಬೇಡ. ಬೆಳೆ ಮತ್ತು ಆಳು ಎರಡು ಗೊತ್ತಾದರೆ ಉಳಿದದ್ದರಲ್ಲಿ ಬಹುಪಾಲು ಅದರ ಹಿಂದೆಯೇ ಬರುತ್ತದೆ.

ಚೆಸಾಪೀಕ್‌ನಿಂದ ಶುರು ಮಾಡಿ. 1607ರಲ್ಲಿ ಜೇಮ್ಸ್‌ಟೌನ್ ಆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನವರಿಗೆ ಹೊಗೆಸೊಪ್ಪಿನ ರುಚಿ ಹತ್ತಿತು, ಅಂದರೆ ಅದರ ಲಾಭದ ರುಚಿ. ಹೊಗೆಸೊಪ್ಪಿಗೆ ಆಳು ಜಾಸ್ತಿ ಬೇಕು. ಇಂಗ್ಲೆಂಡಿನ ಬಡ ಯುವಕರು ಹಡಗಿನ ಖರ್ಚಿಗೆ ಬದಲಾಗಿ ಸಾಮಾನ್ಯವಾಗಿ 4ರಿಂದ 7 ವರ್ಷ ದುಡಿಯುವ ಕರಾರಿಗೆ ಸಹಿ ಹಾಕಿ ಬಂದರು. ಇವರನ್ನು ಕರೆತಂದವನಿಗೆ ತಲೆಗೆ 50 ಎಕರೆ ಭೂಮಿಯೂ ಸಿಗುತ್ತಿತ್ತು. ಆಳೂ ಅವನದೇ, ಹೊಲವೂ ಅವನದೇ! ದೊಡ್ಡ ಜಮೀನ್ದಾರರು ಅಲ್ಲಿ ಹೇಗೆ ಹುಟ್ಟಿದರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಬಂದವರಲ್ಲಿ ಗಂಡಸರೇ ಹೆಚ್ಚು. ಮಲೇರಿಯಾ, ಭೇದಿಯಿಂದ ಕರಾರು ಮುಗಿಯುವ ಮೊದಲೇ ಎಷ್ಟೋ ಜನ ಸತ್ತರು. ಹಾಗಾಗಿ ವಿಧವೆಯರು ಬೇಗ ಮರುಮದುವೆ ಆಗುತ್ತಿದ್ದರು. ಒಂದೇ ಮನೆಯಲ್ಲಿ ಮಲತಂದೆ, ಮಲಮಕ್ಕಳು, ಅನಾಥರು ಇರುವುದು ಮಾಮೂಲಿ.

ಇಸವಿಗಳನ್ನು ಬಾಯಿಪಾಠ ಮಾಡಬೇಡಿ, ಒಂದಕ್ಕೊಂದು ಗಂಟು ಹಾಕಿ. ಗುಲಾಮಗಿರಿ ಬೆಳೆದ ಬಗೆಗೆ ನಾನು ಬೋರ್ಡಿನ ಮೇಲೆ ಬರೆಸುವ ಸರಣಿ ಇದು. 1619ರಲ್ಲಿ ಇಪ್ಪತ್ತಕ್ಕೂ ತುಸು ಹೆಚ್ಚು ಆಫ್ರಿಕನ್ನರನ್ನು ವರ್ಜೀನಿಯಾಕ್ಕೆ ತಂದರು. ಆಗ ಗುಲಾಮಗಿರಿಯ ಕಾನೂನು ಇನ್ನೂ ಗಟ್ಟಿಯಾಗಿರಲಿಲ್ಲ. ಆಂಟನಿ ಜಾನ್ಸನ್ ಎಂಬ ಆಫ್ರಿಕನ್ ಬಿಡುಗಡೆ ಪಡೆದು ಜಮೀನನ್ನೂ ಮಾಡಿಕೊಂಡಿದ್ದ. 1656ರಲ್ಲಿ ಎಲಿಜಬೆತ್ ಕೀ ಎಂಬ, ಆಫ್ರಿಕನ್ ತಾಯಿಯ ಹೆಣ್ಣುಮಗಳು ತನ್ನ ಬಿಡುಗಡೆಗಾಗಿ ಕೋರ್ಟಿಗೆ ಹೋಗಿ ಗೆದ್ದಳು. ನನ್ನಪ್ಪ ಇಂಗ್ಲಿಷಿನವನು, ನಾನು ದೀಕ್ಷೆ ಪಡೆದ ಕ್ರೈಸ್ತಳು ಎಂಬುದು ಅವಳ ವಾದದ ಬಲ. ಈಗ ಮುಂದಿನದು ನೋಡಿ. 1662ರಲ್ಲಿ ವರ್ಜೀನಿಯಾದ ಶಾಸನಸಭೆ ಹೊಸ ಕಾನೂನು ತಂದಿತು: ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ. 1667ರಲ್ಲಿ ಇನ್ನೊಂದು: ದೀಕ್ಷೆ ಕೊಟ್ಟರೂ ಬಿಡುಗಡೆ ಇಲ್ಲ. ಕೀ ಹೊಕ್ಕಿದ್ದ ಎರಡೂ ಬಾಗಿಲಿಗೆ ಬೀಗ ಬಿತ್ತು. 1705ರ ಹೊತ್ತಿಗೆ ಎಲ್ಲವೂ ಸೇರಿ ಒಂದು ದೊಡ್ಡ ಗುಲಾಮ ಸಂಹಿತೆ ಆಯಿತು. ಹೀಗೆ ಒಬ್ಬ ಹೆಂಗಸಿನ ಕಥೆ ಹಿಡಿದು ಓದಿದರೆ ಇಸವಿ ಮರೆಯುವುದಿಲ್ಲ.

ನಡುವೆ 1676ರಲ್ಲಿ ವರ್ಜೀನಿಯಾದಲ್ಲಿ ನಥೇನಿಯಲ್ ಬೇಕನ್ ಮುಂದಾಳತ್ವದ ದಂಗೆ, ಬೇಕನ್ ದಂಗೆ, ಬರುತ್ತದೆ. ಕರಾರು ಮುಗಿಸಿದ ಬಡ ಬಿಳಿಯರು, ಆಳುಗಳು, ಕೆಲವು ಆಫ್ರಿಕನ್ನರು ಒಟ್ಟಿಗೆ ಎದ್ದು ಜೇಮ್ಸ್‌ಟೌನ್‌ಗೆ ಬೆಂಕಿ ಇಟ್ಟರು. ಇದಾದ ಮೇಲೆ ಜಮೀನ್ದಾರರು ಹೆದರಿ ಗುಲಾಮರ ಕಡೆ ತಿರುಗಿದರು ಎಂದು ಎಲ್ಲರೂ ಬರೆಯುತ್ತಾರೆ. ಬರೆಯಿರಿ, ಆದರೆ ಅದೊಂದೇ ಕಾರಣ ಎನ್ನಬೇಡಿ. ಇಂಗ್ಲೆಂಡಿನಲ್ಲಿ ಕೂಲಿ ಸುಧಾರಿಸಿ ಕರಾರು ಆಳುಗಳು ಬರುವುದು ಕಡಿಮೆಯಾಗಿತ್ತು. 1698ರಲ್ಲಿ ಇಂಗ್ಲೆಂಡಿನ ಗುಲಾಮ ವ್ಯಾಪಾರದ ರಾಯಲ್ ಆಫ್ರಿಕನ್ ಕಂಪನಿಯ ಏಕಸ್ವಾಮ್ಯ ಹೋಗಿ ಗುಲಾಮ ವ್ಯಾಪಾರ ಬೇರೆಯವರಿಗೂ ತೆರೆದುಕೊಂಡಿತು. ಈ ಎರಡು ವಾಕ್ಯ ಸೇರಿಸಿದರೆ ನಿಮ್ಮ ಉತ್ತರ ಉಳಿದವರದ್ದಕ್ಕಿಂತ ಬೇರೆಯಾಗಿ ಕಾಣುತ್ತದೆ.

ಈಗ ಭತ್ತ. ನಮ್ಮ ಕಡೆಯವರಿಗೆ ಇಲ್ಲಿ ಬೇರೆ ಯಾರಿಗೂ ಇಲ್ಲದ ಅನುಕೂಲ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ನಮಗೆ ಭತ್ತ ಅಂದರೆ ನೀರು, ತೂಬು, ಬದು, ಕಳೆ, ಆಳು ಎಂದು ಯಾರೂ ಹೇಳಿಕೊಡಬೇಕಿಲ್ಲ. ದಕ್ಷಿಣ ಕೆರೊಲಿನಾದ ಸಿರಿವಂತಿಕೆ ಭತ್ತದ್ದು. ಅಲ್ಲಿ ಮೊದಲು ಜೌಗು ನೆಲದಲ್ಲಿ, ಆಮೇಲೆ ಸಮುದ್ರದ ಉಬ್ಬರ ನದಿಯ ಸಿಹಿನೀರನ್ನು ಮೇಲೆತ್ತುವ ಜಾಗಗಳಲ್ಲಿ ಗದ್ದೆ ಮಾಡಿದರು. ಉಬ್ಬರ ಬಂದಾಗ ತೂಬು ತೆರೆದು ನೀರು ಬಿಡುವುದು, ಇಳಿದಾಗ ಹೊರಗೆ ಹರಿಸುವುದು. ಆ ಬದುಗಳನ್ನೆಲ್ಲ ಕೆಸರಿನಲ್ಲಿ ನಿಂತು ಕಟ್ಟಿದವರು ಆಫ್ರಿಕನ್ ಗುಲಾಮರು. ಕೊಯ್ಲಾದ ಮೇಲೆ ಒರಳಲ್ಲಿ ಒನಕೆಯಿಂದ ಕುಟ್ಟುವುದೂ ಅವರೇ. ನಮ್ಮಪ್ಪ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು, ಮಿಲ್ಲಿಗಿಂತ ಮೊದಲಿನ ಕಾಲದ ಒನಕೆ ಏನೆಂದು ಅಜ್ಜಿಯ ಅಂಗೈ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಅಜ್ಜಿ ಕುಟ್ಟಿದ್ದು ಮನೆಯವರ ಊಟಕ್ಕೆ. ಅವರು ಕುಟ್ಟಿದ್ದು ಮಾರಾಟಕ್ಕೆ, ಮಾಲೀಕನ ಲಾಭಕ್ಕೆ. ಆ ವ್ಯತ್ಯಾಸ ಮರೆತು "ನಮ್ಮ ಹಾಗೆಯೇ" ಎಂದು ಬರೆದುಬಿಟ್ಟೀರಿ, ಹುಷಾರು.

ಭತ್ತ ಬೆಳೆಯುವ ವಿದ್ಯೆ ಪಶ್ಚಿಮ ಆಫ್ರಿಕದಿಂದಲೇ ಬಂತು ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ, ಯಾಕೆಂದರೆ ಸೆನೆಗಾಂಬಿಯಾ, ಸಿಯೆರಾ ಲಿಯೋನ್ ಕಡೆಯವರು ತಲೆಮಾರುಗಳಿಂದ ಭತ್ತ ಬೆಳೆದವರು. ಅಷ್ಟು ದೊಡ್ಡ ಪಾತ್ರ ಇರಲಿಲ್ಲ ಎನ್ನುವವರೂ ಇದ್ದಾರೆ. ಎರಡನ್ನೂ ಬರೆಯಿರಿ. ಇಲ್ಲಿನ ದುಡಿಮೆಯ ಪದ್ಧತಿ ಬೇರೆ: ಒಬ್ಬರಿಗೆ ದಿನಕ್ಕೆ ಇಷ್ಟು ಜಾಗ, ಹೆಚ್ಚಾಗಿ ಕಾಲು ಎಕರೆ, ಎಂದು ಗೊತ್ತು ಮಾಡುತ್ತಿದ್ದರು. ಅದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ತಮ್ಮ ತುಂಡು ನೆಲದಲ್ಲಿ ತರಕಾರಿ ಬೆಳೆಯಬಹುದಿತ್ತು. ಹೊಗೆಸೊಪ್ಪಿನ ಹೊಲದಲ್ಲಾದರೆ ಮೇಸ್ತ್ರಿಯ ಕಣ್ಣೆದುರು ಗುಂಪಾಗಿ ದುಡಿಯಬೇಕು. ದಕ್ಷಿಣ ಕೆರೊಲಿನಾದಲ್ಲಿ 1708ರ ಹೊತ್ತಿಗೆ ಕರಿಯರ ಸಂಖ್ಯೆ ಬಿಳಿಯರನ್ನು ಮೀರಿತ್ತು. ಜ್ವರದ ಕಾಲದಲ್ಲಿ ಮಾಲೀಕರು ಪಟ್ಟಣ ಸೇರುತ್ತಿದ್ದರು. ಈ ಎಲ್ಲದರಿಂದ ಗಲ್ಲಾ ಎಂಬ ತಮ್ಮದೇ ಭಾಷೆ, ಸಂಸ್ಕೃತಿ ಅಲ್ಲಿನ ಗುಲಾಮರಲ್ಲಿ ಬೆಳೆಯಿತು. 1739ರಲ್ಲಿ ಅಲ್ಲಿನ ಗುಲಾಮರು ಎದ್ದ ಸ್ಟೋನೋ ದಂಗೆ, ಮರುವರ್ಷ ಬಂದ ಕಠಿಣ ಕಾನೂನು, ಎರಡನ್ನೂ ಇದರ ಜೊತೆಗೇ ಓದಿ. ಜಾರ್ಜಿಯಾ 1735ರಲ್ಲಿ ಗುಲಾಮಗಿರಿ ನಿಷೇಧಿಸಿ 1751ರಲ್ಲಿ ಕೈಬಿಟ್ಟಿತು ಎಂಬುದು ಟಿಪ್ಪಣಿಗೆ ಒಳ್ಳೆಯ ಸರಕು.

ನ್ಯೂ ಇಂಗ್ಲೆಂಡ್ ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮೂರು ಪುಟ ಬರೆಯುತ್ತಾರೆ. 1630ರ ದಶಕದಲ್ಲಿ ಸುಮಾರು 20,000 ಜನ, ಹೆಚ್ಚಿನವರು ಕುಟುಂಬ ಸಮೇತ ಬಂದರು. ಹವಾ ಚೆನ್ನಾಗಿತ್ತು, ಬಹಳ ವರ್ಷ ಬದುಕಿದರು. ಅಪ್ಪ ಗಟ್ಟಿಯಾಗಿ ಬದುಕಿದ್ದಷ್ಟು ಕಾಲ ಮಗನ ಕೈಗೆ ಹೊಲ ಬರುವುದಿಲ್ಲ, ಹೊಲ ಇಲ್ಲದೆ ಮದುವೆ ಇಲ್ಲ. ಅಪ್ಪನ ಅಧಿಕಾರ ಎಲ್ಲಿಂದ ಬಂತು ಎಂಬುದಕ್ಕೆ ಬೈಬಲ್ ಜೊತೆಗೆ ಇದನ್ನೂ ಹೇಳಿ. 50 ಮನೆ ಇರುವ ಊರು ಒಬ್ಬ ಮೇಷ್ಟ್ರನ್ನು ಇಡಬೇಕು ಎಂಬ 1647ರ ಮ್ಯಾಸಚೂಸೆಟ್ಸ್ ಕಾನೂನು ಬಿಡಬೇಡಿ. ಸೇಲಂ ಮಾಟಗಾತಿ ವಿಚಾರಣೆಗೆ (1692, ನೇಣಿಗೇರಿದವರು 19) ಒಂದು ಪ್ಯಾರಾ ಸಾಕು. ಅದು ರೋಚಕ, ಒಪ್ಪುತ್ತೇನೆ, ಆದರೆ ಪ್ರಶ್ನೆ ಅದರದ್ದಲ್ಲ ಅಲ್ವಾ?

ನಡುವಿನ ವಸಾಹತುಗಳಿಗೆ ಗೋಧಿ, ಕ್ವೇಕರರು ಎಂಬ ಕ್ರೈಸ್ತ ಪಂಥದವರು, ಜರ್ಮನರು, ಸ್ಕಾಟ್-ಐರಿಷರು, 1664ರವರೆಗೆ ಡಚ್ಚರ ಕೈಯಲ್ಲಿದ್ದ ನ್ಯೂಯಾರ್ಕ್. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನ ಕೆಲವರು ಗುಲಾಮಗಿರಿ ವಿರುದ್ಧ ಬರೆದ ಮನವಿಯನ್ನು ಖಂಡಿತ ಸೇರಿಸಿ.

ಮೂಲನಿವಾಸಿಗಳನ್ನು ಮೊದಲ ಪ್ಯಾರಾದಲ್ಲಿ ತಂದು ಆಮೇಲೆ ಮರೆಯುವುದು ದೊಡ್ಡ ತಪ್ಪು. 1620ರಲ್ಲಿ ಇಂಗ್ಲಿಷರು ನ್ಯೂ ಇಂಗ್ಲೆಂಡಿನಲ್ಲಿ ಪ್ಲಿಮತ್ ವಸಾಹತು ಕಟ್ಟಿದ ಜಾಗ ಪಟಕ್ಸೆಟ್ ಎಂಬ ಮೂಲನಿವಾಸಿಗಳ ಊರು. ಅದಕ್ಕೂ ಕೆಲವೇ ವರ್ಷ ಮುಂಚೆ ಸಾಂಕ್ರಾಮಿಕ ರೋಗ ಬಂದು ಊರಿಗೆ ಊರೇ ಖಾಲಿಯಾಗಿತ್ತು. ಬಂದವರಿಗೆ ಸಿಕ್ಕಿದ್ದು ಯಾರೋ ಉತ್ತು ಬಿಟ್ಟುಹೋದ ಹೊಲ. ತುಪ್ಪಳ ವ್ಯಾಪಾರ, ಮೂಲನಿವಾಸಿ ನಾಯಕ ಮೆಟಾಕಾಮ್ ಇಂಗ್ಲಿಷರ ವಿರುದ್ಧ ನಡೆಸಿದ 1675-76ರ ಯುದ್ಧ ಇವುಗಳನ್ನು ನ್ಯೂ ಇಂಗ್ಲೆಂಡ್ ಸಾಲಿನಲ್ಲೇ ಬರೆದಿಟ್ಟುಕೊಳ್ಳಿ, ಬೇರೆ ಹಾಳೆ ಮಾಡಬೇಡಿ.

ಹೆಣ್ಣುಮಕ್ಕಳ ಪ್ರಶ್ನೆ ಈಚೆಗೆ ಜಾಸ್ತಿ ಕೇಳುತ್ತಾರೆ. ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದವಳಿಗೆ ಸ್ವಂತ ಆಸ್ತಿ ಇಲ್ಲ, ಅವಳ ಕೂಲಿಯೂ ಗಂಡನದು. ವಿಧವೆಗೆ ಗಂಡನ ಭೂಮಿಯಲ್ಲಿ ಮೂರನೇ ಒಂದು ಪಾಲು, ಬದುಕಿರುವವರೆಗೆ. 1776ರ ಮಾರ್ಚಿನಲ್ಲಿ ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ ಎಂದು ಅಬಿಗೇಲ್ ಆಡಮ್ಸ್ ತನ್ನ ಗಂಡ, ಸ್ವಾತಂತ್ರ್ಯ ಹೋರಾಟದ ನಾಯಕ ಜಾನ್ ಆಡಮ್ಸ್‌ಗೆ ಬರೆದ ಕಾಗದ ಎಲ್ಲರಿಗೂ ಗೊತ್ತು. ನೀವು ನ್ಯೂ ಜರ್ಸಿಯನ್ನೂ ಬರೆಯಿರಿ: ಆಸ್ತಿ ಇದ್ದ ಒಂಟಿ ಹೆಂಗಸರು ಅಲ್ಲಿ ಮತ ಹಾಕುತ್ತಿದ್ದರು, 1807ರಲ್ಲಿ ಅದನ್ನು ಕಿತ್ತುಕೊಂಡರು.

ಉತ್ತರ ಬರೆಯುವಾಗ "ಪೀಠಿಕೆ" ಎಂದು ತಲೆಬರಹ ಹಾಕಿ ಕೊಲಂಬಸ್‌ನಿಂದ ಶುರು ಮಾಡಬೇಡಿ. ಮೊದಲ ವಾಕ್ಯದಲ್ಲೇ ಉತ್ತರ ಇರಲಿ. ಹೀಗೆ: "17ನೇ ಶತಮಾನದ ವರ್ಜೀನಿಯಾದ ಸಮಾಜವನ್ನು ರೂಪಿಸಿದ್ದು ಹೊಗೆಸೊಪ್ಪು, ಅದಕ್ಕೆ ಬೇಕಾದ ಆಳು, ಮತ್ತು ಆ ಆಳುಗಳನ್ನು ಕೊಂದ ಕಾಯಿಲೆ." ಮುಂದಿನ ಪ್ಯಾರಾಗಳು ಈ ಮೂರನ್ನು ಒಂದೊಂದಾಗಿ ಬಿಡಿಸಲಿ. ಹೆಸರುಗಳನ್ನು ಕನ್ನಡದಲ್ಲಿ ಬರೆಯುವುದಾದರೆ ಒಂದೇ ರೀತಿ ಬರೆಯಿರಿ. ಒಂದು ಕಡೆ ಚೆಸಾಪೀಕ್, ಇನ್ನೊಂದು ಕಡೆ ಚೆಸಪಿಕೆ ಅಂತಿದ್ದರೆ ಓದುವವರಿಗೆ ಎರಡು ಊರು ಅನಿಸುತ್ತದೆ.

ಕೊನೆಯ ವಾರ ಹೊಸದೇನನ್ನೂ ಓದಬೇಡಿ. ಆ ದೊಡ್ಡ ಹಾಳೆಯನ್ನು ನೋಡದೆ ಖಾಲಿ ಕಾಗದದ ಮೇಲೆ ಮತ್ತೆ ತುಂಬಿಸಿ, ಯಾವ ಮನೆ ಖಾಲಿ ಉಳಿಯಿತೋ ಅದನ್ನಷ್ಟೇ ಓದಿ. ಜೊತೆಗೆ ಪೂರ್ವ ಕರಾವಳಿಯ ನಕ್ಷೆಯನ್ನು ಪೆನ್ಸಿಲಿನಲ್ಲಿ ಬಿಡಿಸಿ ಅಭ್ಯಾಸ ಮಾಡಿ: ಬಾಸ್ಟನ್, ಫಿಲಡೆಲ್ಫಿಯಾ, ಜೇಮ್ಸ್‌ಟೌನ್, ಚಾರ್ಲ್ಸ್‌ಟನ್, ಪ್ರತಿ ಊರಿನ ಪಕ್ಕ ಅಲ್ಲಿನ ಬೆಳೆ ಅಥವಾ ಕಸುಬು. ಪರೀಕ್ಷೆಯಲ್ಲಿ ಅದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ, ಬಣ್ಣ ತುಂಬುತ್ತಾ ಕೂರಬೇಡಿ.