30 ಎಂಎಂ ಪಿನ್ನು, 13 ಮೈಕ್ರಾನ್ ಜಾಗ: ಸಿಎನ್‌ಸಿ ಲೇತ್‌ನಲ್ಲಿ ಮೊದಲ ಪೀಸ್ ತೆಗೆಯುವುದು ಹೇಗೆ

ಬೆಂಗಳೂರಿನ ಪೀಣ್ಯದ ಒಂದು ಜಾಬ್ ಶಾಪ್‌ನಲ್ಲಿ ನಾನು ಸೆಟ್ಟರ್. ಸಿಎನ್‌ಸಿ ಲೇತ್ (ಪ್ರೋಗ್ರಾಮ್‌ನಿಂದ ಓಡುವ ಲೇತ್) ಅನ್ನು ಜಾಬ್‌ಗೆ ಸಿದ್ಧ ಮಾಡುವುದು ನನ್ನ ಕೆಲಸ. ಐಟಿಐ ಮುಗಿಸಿ ಬರುವ ಹೊಸಬರಿಗೆ ನಾನು ಮೊದಲು ಕೊಡುವ ಕೆಲಸ ಒಂದೇ. 32 ಎಂಎಂ ಇಎನ್8 (ಒಂದು ಬಗೆಯ ಉಕ್ಕು) ರಾಡ್‌ನಿಂದ 60 ಎಂಎಂ ಉದ್ದದ ಒಂದು ಪಿನ್ನು. ವ್ಯಾಸ 30 ಜಿ6. ನೋಡಲು ಸುಲಭ. ಆದರೆ ಈ ಪಿನ್ನನ್ನು ಸರಿಯಾಗಿ ತೆಗೆದವರಿಗೆ ಆಮೇಲೆ ಯಾವ ಜಾಬ್ ಕೊಟ್ಟರೂ ನನಗೆ ಭಯವಿಲ್ಲ.

ಮೊದಲು ಡ್ರಾಯಿಂಗ್ ಓದಿ. ಸಣ್ಣ ಅಕ್ಷರದ ಜಿ ಶಾಫ್ಟ್‌ಗೆ, ದೊಡ್ಡ ಅಕ್ಷರದ ಎಚ್ ತೂತಿಗೆ. 30 ಜಿ6 ಅಂದರೆ ಪಿನ್ನು 29.980ರಿಂದ 29.993ರ ಒಳಗಿರಬೇಕು. ಜಾಗ 13 ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲೊಂದು ಭಾಗ. ಅದು ಕೂರುವ ಬುಷ್‌ನ ತೂತು 30 ಎಚ್7, ಅಂದರೆ 30.000ದಿಂದ 30.021. ಇವೆರಡರ ನಡುವೆ ಕಡಿಮೆ ಅಂದರೆ 7 ಮೈಕ್ರಾನ್, ಜಾಸ್ತಿ ಅಂದರೆ 41 ಮೈಕ್ರಾನ್ ಸಂದು. ಪಿನ್ನು ತಿರುಗಬೇಕು, ಎಣ್ಣೆ ನಿಲ್ಲಬೇಕು, ಅಲುಗಾಡಬಾರದು. ನಿಮಗೆ ಸಿಕ್ಕಿರುವ 13 ಮೈಕ್ರಾನ್ ಯಾಕೆ ಬೇಕು ಅಂತ ಗೊತ್ತಿದ್ದರೆ ಅಳೆಯುವಾಗ ಕೈ ತಾನಾಗಿ ಜಾಗ್ರತೆಯಾಗುತ್ತದೆ.

ಬೆಳಿಗ್ಗೆ ಬಂದ ಕೂಡಲೇ ಜಾಬ್ ಹಾಕಬೇಡಿ. ಸ್ಪಿಂಡಲ್ (ಜಾಬ್ ತಿರುಗಿಸುವ ಮುಖ್ಯ ಶಾಫ್ಟ್) ಕಾಲು ಗಂಟೆ ಸುಮ್ನೆ ತಿರುಗಲಿ. ರಾತ್ರಿಯಿಡೀ ತಣ್ಣಗಿದ್ದ ಮಷೀನ್ ಬಿಸಿಯಾಗುತ್ತಾ ಅಳತೆ ಬದಲಾಯಿಸುತ್ತದೆ. ಸೋಮವಾರ ಬೆಳಿಗ್ಗೆ ಇದು ಇನ್ನೂ ಜಾಸ್ತಿ.

ಪ್ರೋಗ್ರಾಮ್‌ನಲ್ಲಿ ವ್ಯಾಸಕ್ಕೆ 30 ಅಂತ ಹಾಕಬೇಡಿ. ಟಾಲರೆನ್ಸ್‌ನ (ಅಳತೆಗೆ ಬಿಟ್ಟಿರುವ ಜಾಗದ) ನಡುವಿನ ಅಂಕಿ 29.986 ಹಾಕಿ. ಪ್ರೋಗ್ರಾಮ್‌ನ ಜಿ71 ಕೋಡ್, ಅಂದರೆ ಮೊದಲ ಒರಟು ಕಟಿಂಗ್ ಆದ ರಫಿಂಗ್‌ನಲ್ಲಿ ವ್ಯಾಸದ ಮೇಲೆ 0.4 ಎಂಎಂ ಉಳಿಸಿ, ಅದನ್ನು ಫಿನಿಶಿಂಗ್ ಟೂಲ್ ತೆಗೆಯಲಿ. ಜಿ96 ಕೊಟ್ಟರೆ ಕಟಿಂಗ್ ಸ್ಪೀಡ್ ಒಂದೇ ಸಮ ಇರುತ್ತದೆ. ಕಾರ್ಬೈಡ್ ಇನ್ಸರ್ಟ್‌ಗೆ (ಟೂಲ್ ತುದಿಯ ಕತ್ತರಿಸುವ ಬಿಲ್ಲೆಗೆ) ನಾನು ನಿಮಿಷಕ್ಕೆ 200 ಮೀಟರ್ ಇಡುತ್ತೇನೆ. 30 ಎಂಎಂ ವ್ಯಾಸದಲ್ಲಿ ಅದು ಸುಮಾರು 2,120 ಆರ್‌ಪಿಎಂ. ಆದರೆ ಫೇಸಿಂಗ್ (ರಾಡ್ ತುದಿಯ ಮುಖ ಸಪಾಟು) ಮಾಡುತ್ತಾ ಟೂಲ್ ನಡುವಿಗೆ ಹೋದಂತೆ ವ್ಯಾಸ ಸೊನ್ನೆಯ ಕಡೆ ಇಳಿಯುತ್ತದೆ, ಸ್ಪಿಂಡಲ್ ಏರುತ್ತಲೇ ಹೋಗುತ್ತದೆ. ಆದ್ದರಿಂದ ಜಿ96ಕ್ಕೆ ಮೊದಲು ಜಿ50ಯಲ್ಲಿ ಗರಿಷ್ಠ ಆರ್‌ಪಿಎಂ ಕಟ್ಟಿಹಾಕಿ. ಚಕ್ (ರಾಡ್ ಹಿಡಿಯುವ ದವಡೆ) ಮೇಲೆ ಬರೆದ ಮಿತಿ ದಾಟಲೇಬಾರದು. ಈ ಒಂದು ಸಾಲು ಮರೆತರೆ ಜೀವಕ್ಕೇ ಅಪಾಯ, ದಯವಿಟ್ಟು ಎರಡು ಸಲ ನೋಡಿ.

ಫಿನಿಶಿಂಗ್‌ಗೆ 0.4 ಎಂಎಂ ನೋಸ್ ರೇಡಿಯಸ್ (ಇನ್ಸರ್ಟ್ ತುದಿಯ ದುಂಡು), ಫೀಡ್ (ಒಂದು ಸುತ್ತಿಗೆ ಟೂಲ್ ಸಾಗುವ ದೂರ) 0.1 ಎಂಎಂ ಸಾಕು. ಲೆಕ್ಕದ ಪ್ರಕಾರ ಮೇಲ್ಮೈ ಒರಟುತನ 0.8 ಮೈಕ್ರಾನ್ ಆಸುಪಾಸು ಬರುತ್ತದೆ.

ಆಫ್‌ಸೆಟ್ (ಟೂಲ್ ತುದಿ ಎಲ್ಲಿದೆ ಅಂತ ಮಷೀನ್‌ಗೆ ಹೇಳುವ ಅಂಕಿ) ನೋಡಿ ಹಾಕಿದ ಮೇಲೆ ಸಿಂಗಲ್ ಬ್ಲಾಕ್ (ಪ್ರೋಗ್ರಾಮ್ ಒಂದೊಂದೇ ಸಾಲು ಓಡುವುದು) ಹಾಕಿ, ರ್‍ಯಾಪಿಡ್ (ಟೂಲ್ ಖಾಲಿ ಓಡುವ ವೇಗ) 25 ಪರ್ಸೆಂಟ್‌ಗೆ ಇಳಿಸಿ. ಟೂಲ್ ಜಾಬ್ ಹತ್ತಿರ ಬಂದಾಗ ಫೀಡ್ ಹೋಲ್ಡ್ ಒತ್ತಿ ಟೂಲ್ ನಿಲ್ಲಿಸಿ, ಸ್ಕ್ರೀನ್‌ನಲ್ಲಿ ಇನ್ನೆಷ್ಟು ದೂರ ಹೋಗಬೇಕು ಅಂತ ಇರುತ್ತದಲ್ವಾ, ಅದನ್ನು ಕಣ್ಣಿಗೆ ಕಾಣುವ ದೂರದ ಜೊತೆ ಹೋಲಿಸಿ. 5 ಎಂಎಂ ಜಾಗ ಕಾಣುತ್ತಿದೆ, ಸ್ಕ್ರೀನ್ 40 ಅನ್ನುತ್ತಿದೆ ಅಂದರೆ ಆಫ್‌ಸೆಟ್ ತಪ್ಪಿದೆ. ಕೈಗೆ ಗ್ಲೌಸ್ ಹಾಕಿಕೊಂಡು ತಿರುಗುವ ಚಕ್ ಹತ್ತಿರ ಹೋಗಬೇಡಿ. ಚಿಪ್ಸ್ ಎಳೆಯಲು ಕೊಕ್ಕೆ ಇದೆ, ಅದೂ ಸ್ಪಿಂಡಲ್ ನಿಂತ ಮೇಲೆ.

ಈಗ ಅಳತೆ ಹಿಡಿಯುವ ಕೆಲಸ. ಫಿನಿಶಿಂಗ್ ಟೂಲ್‌ನ ವೇರ್ ಆಫ್‌ಸೆಟ್‌ನಲ್ಲಿ (ಸಣ್ಣ ತಿದ್ದುಪಡಿ ಹಾಕುವ ಜಾಗ) ಎಕ್ಸ್‌ಗೆ, ಅಂದರೆ ವ್ಯಾಸಕ್ಕೆ, 0.2 ಕೂಡಿಸಿ ಓಡಿಸಿ. ಪಿನ್ನು ಬೇಕೆಂದೇ ದಪ್ಪ ಬರಲಿ. ಹೆಚ್ಚಾದ ಲೋಹವನ್ನು ತೆಗೆಯಬಹುದು, ಕಡಿಮೆಯಾದರೆ ಆ ಪೀಸ್ ಹೋಯಿತು. ಅಳೆದಾಗ 30.186 ಬರಬೇಕಿತ್ತು, 30.194 ಬಂತು ಅಂದುಕೊಳ್ಳಿ. ನಮಗೆ ಬೇಕಿರುವುದು 29.986. ವ್ಯತ್ಯಾಸ 0.208. ಅಷ್ಟನ್ನು ಕಳೆದರೆ ವೇರ್‌ನಲ್ಲಿ ಉಳಿಯುವುದು ಮೈನಸ್ 0.008. ಮತ್ತೆ ಫಿನಿಶಿಂಗ್ ಮಾತ್ರ ಓಡಿಸಿ. ಮೊದಲ ಸಲ 0.2 ತೆಗೆದಿತ್ತು, ಈಗಲೂ ಸುಮಾರು 0.2 ತೆಗೆಯುತ್ತದೆ. ಲೋಡ್ ಒಂದೇ ಇರುವುದರಿಂದ ಅಳತೆ ನಂಬಬಹುದು. ಆದರೆ ಎರಡನೇ ಪೀಸ್‌ನಲ್ಲಿ ಟೂಲ್ ಪೂರ್ತಿ 0.4 ತೆಗೆಯುತ್ತದೆ, ಸ್ವಲ್ಪ ಹೆಚ್ಚು ಬಾಗುತ್ತದೆ. ಅದನ್ನೂ ಅಳೆಯಿರಿ, ಒಂದೆರಡು ಮೈಕ್ರಾನ್ ತಿದ್ದಬೇಕಾಗಬಹುದು. ಮುಗಿದ ಪೀಸ್ 4 ಮೈಕ್ರಾನ್ ಜಾಸ್ತಿ ದಪ್ಪ ಇದೆ ಅಂತ ಅದರ ಮೇಲೆ ಮತ್ತೆ ಟೂಲ್ ಓಡಿಸಬೇಡಿ. ಅಷ್ಟು ತೆಳುವಾದ ಪದರವನ್ನು ಇನ್ಸರ್ಟ್ ಕತ್ತರಿಸುವುದಿಲ್ಲ, ಉಜ್ಜುತ್ತದೆ.

ಅಳೆಯುವುದು ತಣ್ಣಗಾದ ಮೇಲೆ. ನಾನು ಹೊಸದರಲ್ಲಿ ಕೆಲಸ ಮಾಡುತ್ತಿದ್ದ ಕಡೆ ಕೂಲೆಂಟ್ ಪಂಪ್ ಸರಿ ಇರಲಿಲ್ಲ. ಪಿನ್ನುಗಳು ಬಿಸಿಬಿಸಿಯಾಗಿ ಬರುತ್ತಿದ್ದವು. ಮೈಕ್ರೋಮೀಟರ್ 29.985 ತೋರಿಸುತ್ತಿತ್ತು, ನಾನು ಖುಷಿಯಿಂದ 40 ಪೀಸ್ ಓಡಿಸಿದೆ. ಮರುದಿನ ಇನ್‌ಸ್ಪೆಕ್ಷನ್‌ನಲ್ಲಿ ಎಲ್ಲವೂ 29.978. ಅಷ್ಟೂ ರಿಜೆಕ್ಟ್. ಆ ದಿನ ರಾತ್ರಿ ಲೆಕ್ಕ ಹಾಕಿ ನೋಡಿದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 30 ಎಂಎಂ ಪಿನ್ನು 20 ಡಿಗ್ರಿ ಬಿಸಿ ಇದ್ದರೆ 7 ಮೈಕ್ರಾನ್. ನನಗಿದ್ದ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಗಿತ್ತು.

ಡ್ರಾಯಿಂಗ್‌ನ ಅಳತೆ 20 ಡಿಗ್ರಿಗೆ ಲೆಕ್ಕ. ನಮ್ಮ ಶೆಡ್‌ನಲ್ಲಿ ಆ ಚಳಿ ಎಲ್ಲಿ ಬರಬೇಕು? ಅದಕ್ಕೆ ದಾರಿ ಇದೆ. ಪಿನ್ನು, ಮೈಕ್ರೋಮೀಟರ್, ಅದರ 25 ಎಂಎಂ ಸ್ಟ್ಯಾಂಡರ್ಡ್ (ಝೀರೋ ಸರಿನೋಡುವ ತುಂಡು) ಮೂರನ್ನೂ ಒಂದೇ ಸರ್ಫೇಸ್ ಪ್ಲೇಟ್ ಮೇಲೆ ಅರ್ಧ ಗಂಟೆ ಇಡಿ. ಮೂರೂ ಉಕ್ಕು, ಮೂರೂ ಒಂದೇ ಬಿಸಿಗೆ ಬಂದರೆ ಹಿಗ್ಗುವುದೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಸ್ಟ್ಯಾಂಡರ್ಡ್‌ನಿಂದ ಝೀರೋ ನೋಡಿಕೊಂಡು ಆಮೇಲೆ ಅಳೆಯಿರಿ. ಮೈಕ್ರೋಮೀಟರ್ ಫ್ರೇಮ್ ಅನ್ನು ಬೆಚ್ಚಗಿನ ಅಂಗೈಯಲ್ಲಿ ಹಿಡಿದುಕೊಂಡು ಮಾತಾಡುತ್ತಾ ನಿಲ್ಲಬೇಡಿ, ಸ್ಟ್ಯಾಂಡ್‌ಗೆ ಹಾಕಿ. ರ್‍ಯಾಚೆಟ್ ಮೂರು ಸಲ ಕಟಕಟ ಅನ್ನಲಿ, ಅಷ್ಟೇ.

ಬ್ಯಾಚ್ ಓಡುವಾಗ ಐದು ಪೀಸ್‌ಗೆ ಒಂದನ್ನು ಅಳೆದು, ಅಂಕಿಯನ್ನು ಸೀರಿಯಲ್ ಆಗಿ ಬರೆಯಿರಿ. 29.986, 29.987, 29.989 ಅಂತ ಏರುತ್ತಿದ್ದರೆ ಇನ್ಸರ್ಟ್ ಸವೆಯುತ್ತಿದೆ. 29.993 ಮುಟ್ಟುವವರೆಗೆ ಕಾಯದೆ ವೇರ್‌ನಲ್ಲಿ 3 ಮೈಕ್ರಾನ್ ಕಳೆಯಿರಿ. ಇನ್ಸರ್ಟ್‌ನ ಮೂಲೆ ತಿರುಗಿಸಿದಾಗ ಮಾತ್ರ ಹಳೆಯ ಅಂಕಿಯನ್ನು ನಂಬಬೇಡಿ. ಹೊಸ ಮೂಲೆ ಅದೇ ಜಾಗದಲ್ಲಿ ಕೂತಿರುವುದಿಲ್ಲ. ವೇರ್‌ಗೆ ಮತ್ತೆ 0.2 ಕೂಡಿಸಿ, ಮತ್ತೆ ಮೊದಲ ಪೀಸ್‌ನಿಂದ ಶುರು ಮಾಡಿ.