ಗಾಳಿ ನೋಡಿ ರೈಲು ಹತ್ತಿದೆವು: ಅಪ್ಪ ಅಮ್ಮನ ಜೊತೆ ಕಾನಾಲ್ ದು ಮಿದಿ

ಹೋದ ಸೆಪ್ಟೆಂಬರ್‌ನಲ್ಲಿ ಅಪ್ಪ, ಅಮ್ಮ, ನಾನು ಮೂವರೂ ಫ್ರಾನ್ಸಿನ ತುಲೂಸಿನಿಂದ ಮೆಡಿಟರೇನಿಯನ್ ಪಕ್ಕದ ತೋ ಸರೋವರದವರೆಗೆ ಹೋಗುವ ಹಳೇ ನಾಲೆ ಕಾನಾಲ್ ದು ಮಿದಿಯನ್ನು, ಅದರ ಏರಿ ಮೇಲೆ ಸೈಕಲ್ಲಿನಲ್ಲಿ ಪೂರ್ತಿ ಮುಗಿಸಿದೆವು. 240 ಕಿಲೋಮೀಟರ್. ಅಪ್ಪನಿಗೆ 68, ಅಮ್ಮನಿಗೆ 62. ಬ್ಯಾಟರಿ ಸೈಕಲ್ ಅಲ್ಲ, ತುಳಿಯುವ ಸೈಕಲ್ಲೇ. ದಿನಕ್ಕೆ ಸ್ವಲ್ಪ ದೂರ ತುಳಿಯುವುದು, ಒಂದು ಕಡೆಗೆ ರೈಲು ಹಿಡಿಯುವುದು, ಇದು ನನ್ನ ಯೋಜನೆ. ಫ್ರಾನ್ಸಿನ ನನ್ನ ಗೆಳೆಯರು ಯಾರೂ ನಂಬಿರಲಿಲ್ಲ. "ದಿನಕ್ಕೆ 25 ಕಿ.ಮೀ. ಹೋದರೆ ಅದು ಟೂರಿಂಗ್ ಅಲ್ಲ, ವಾಕಿಂಗ್" ಅಂತ ಒಬ್ಬ. "ರೈಲಿನಲ್ಲಿ ಹೋಗಿ ಬರೋದಾದ್ರೆ ಸೈಕಲ್ ಯಾಕೆ?" ಅಂತ ಇನ್ನೊಬ್ಬ. ಈಗ ಅವರಿಬ್ಬರೂ ನನ್ನ ಟೂರಿನ ಪಟ್ಟಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೆ ಮುಂಚೆ ಈ ನಾಲೆ ಏರಿ ಮೇಲೆ ಬೇರೆ ಥರ ಹೋಗಿ ನೋಡಿದ್ದೆ. ಒಂದು ವಸಂತದಲ್ಲಿ ಗೆಳೆಯರ ಜೊತೆ ಸೆತ್ ಊರಿನಿಂದ ಪಶ್ಚಿಮಕ್ಕೆ ಹೊರಟೆವು. ನಾಲ್ಕು ಚೀಲ, ಟೆಂಟು, ಒಲೆ ಎಲ್ಲ ಹೇರಿಕೊಂಡಿದ್ದೆವು. ಪಶ್ಚಿಮದ ಕಾರ್ಕಾಸೊನ್ ಊರಿನ ಕಡೆಯಿಂದ ಬೀಸುವ ಸೆರ್ಸ್ ಗಾಳಿ ಗೊತ್ತಲ್ವಾ? ಎದೆಗೇ ಹೊಡೆಯುತ್ತಿತ್ತು. ಗಂಟೆಗೆ ಎಂಟು ಕಿ.ಮೀ. ದಾಟಲಿಲ್ಲ. ಎರಡು-ಮೂರು ದಿನಕ್ಕೇ ಎಲ್ಲರೂ ರೈಲು ಹತ್ತಿ ಮನೆಗೆ ಬಂದೆವು. ಮುಂದಿನ ಸಲ ಸಾಮಾನಿಗೆ ಹಿಂದೆ ಟ್ರೈಲರ್ ಕಟ್ಟಿದೆ. ತ್ರೆಬ್ ಊರು ದಾಟಿದ ಮೇಲೆ ನಾಲೆ ಬದಿಯ ಪ್ಲೇನ್ ಅನ್ನುವ ಮರದ ಬೇರುಗಳು ದಾರಿಯ ಮೇಲೆಯೇ ಎದ್ದಿರುತ್ತವೆ. ಟ್ರೈಲರಿನ ಆಕ್ಸಲ್ ಅಲ್ಲೇ ಮುರಿಯಿತು. 200 ಯೂರೋ ಹತ್ತಿರ ಕೊಟ್ಟು ತಂದಿದ್ದ ಟ್ರೈಲರ್ ಅದು, ಗುಜರಿಗೆ ಹೋಯಿತು.

ಇಷ್ಟಾದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಈ ನಾಲೆಯಲ್ಲಿ ಕಷ್ಟ ಕೊಡುವುದು ದೂರ ಅಲ್ಲ. ಏರು ಅಂತೂ ಅಲ್ಲವೇ ಅಲ್ಲ. ಗಾಳಿ, ಬೇರು, ಲಗೇಜು, ಈ ಮೂರೇ. ಮೂರನ್ನೂ ತಪ್ಪಿಸಲು ರೈಲು ಇದೆ. ತುಲೂಸ್, ಕ್ಯಾಸ್ತೆಲ್ನೊದಾರಿ, ಬ್ರಾಮ್, ಕಾರ್ಕಾಸೊನ್, ನಾರ್ಬೊನ್, ಬೇಜಿಯೇ, ಆಗ್ದ್, ಸೆತ್ ಎಲ್ಲ ಒಂದೇ ರೈಲು ದಾರಿಯಲ್ಲಿ ಬರುತ್ತವೆ. ಹಾಗಾಗಿ ಒಂದು ಊರಿನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು ಮೂರ್ನಾಲ್ಕು ರಾತ್ರಿ ಕೂತೆವು. ಸಾಮಾನೆಲ್ಲ ಮನೆಯಲ್ಲೇ. ರಾತ್ರಿ ಮಲಗುವ ಮುಂಚೆ ಗಾಳಿ ಯಾವ ಕಡೆಯಿಂದ ಅಂತ ಫೋನಿನಲ್ಲಿ ನೋಡುವುದು. ಪಶ್ಚಿಮದ ಗಾಳಿ ಇದ್ದರೆ ರೈಲಿನಲ್ಲಿ ಪಶ್ಚಿಮಕ್ಕೆ ಹೋಗಿ ಮನೆ ಕಡೆ ತುಳಿಯುವುದು, ಇಲ್ಲವೇ ಮನೆಯಿಂದ ಪೂರ್ವಕ್ಕೆ ತುಳಿದು ರೈಲಿನಲ್ಲಿ ವಾಪಸ್. ತುಲೂಸ್ ಕಡೆ ಓತಾಂ, ಸಮುದ್ರದ ಕಡೆ ಮಾರಾಂ ಅನ್ನುವ ಪೂರ್ವದ ಗಾಳಿ ಎದ್ದರೆ ಇದೇ ಲೆಕ್ಕ ಉಲ್ಟಾ. ಬ್ರಾಮ್‌ನಿಂದ ಕಾರ್ಕಾಸೊನ್ ಭಾಗವನ್ನು ನಾವು ಹೀಗೇ ತಿರುಗಿಸಿ ಹೊಡೆದೆವು. ಗಾಳಿ ಬೆನ್ನಿಗಿದ್ದರೆ ಅಮ್ಮ ನನಗಿಂತ ಮುಂದೆ ಇರುತ್ತಿದ್ದರು.

ಲೋಕಲ್ ರೈಲಿನಲ್ಲಿ ನಮ್ಮ ಸೈಕಲ್‌ಗೆ ಯಾರೂ ಟಿಕೆಟ್ ಕೇಳಲಿಲ್ಲ. ಆದರೆ ಜಾಗ ಕಡಿಮೆ, ಕೊಕ್ಕೆಗೆ ನೇತು ಹಾಕಬೇಕು. ಬ್ಯಾಟರಿ ಸೈಕಲ್ ಬೇಡ ಅಂದಿದ್ದೂ ಇದಕ್ಕೇ. 25 ಕೆ.ಜಿ. ತೂಕದ್ದನ್ನು ಅಷ್ಟು ಎತ್ತರಕ್ಕೆ ಎತ್ತೋದು ಯಾರು? ಸೈಕಲ್ ಬೋಗಿ ಪ್ಲಾಟ್‌ಫಾರಮ್ಮಿನಲ್ಲಿ ಎಲ್ಲಿ ಬಂದು ನಿಲ್ಲುತ್ತದೆ ಅಂತ ಮೊದಲೇ ತಿಳಿಯಲು ನಾನೊಂದು ದಾರಿ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅಲ್ಲೇ ಬಂದು ನಿಂತರೆ ನಮಗೆ ಜಾಗ ಇರುವುದಿಲ್ಲ.

ಈಗ ದುಡ್ಡಿನ ಮಾತು. ಸಾಮಾನು ಸಾಗಿಸಿಕೊಡುವ ಒಂದು ಕಂಪನಿಯವರು ಒಂದು ವಾರಕ್ಕೆ ತಲೆಗೆ ಸಾವಿರ ಯೂರೋ ಮೇಲೆ ಹೇಳಿದ್ದರು, ಊಟ ಬಿಟ್ಟು. ಬಾಡಿಗೆ ಸೈಕಲ್ ಆದರೆ ದಿನಕ್ಕೆ 20 ಯೂರೋ ಆಸುಪಾಸು. ನಾನು ಎರಡು ಹಳೇ ಲೇಡೀಸ್ ಮಾದರಿ ಸೈಕಲ್ ಕೊಂಡೆ, ಒಂದೊಂದಕ್ಕೆ 150ರ ಹತ್ತಿರ. ಕಾಲು ಎತ್ತಿ ದಾಟಿಸುವ ಕಷ್ಟ ಅಪ್ಪನಿಗೂ ಬೇಡ ಅಂತ. 42 ಮಿ.ಮೀ. ಟೈರ್ ಹಾಕಿಸಿ, ಎರಡೂವರೆ ಬಾರ್ ಗಾಳಿ ಇಟ್ಟೆ. ಟೂರ್ ಆದ ಮೇಲೆ ಎರಡನ್ನೂ ಮಾರಿದಾಗ ಟೈರ್ ಖರ್ಚೂ ಸೇರಿ ಕಳೆದುಕೊಂಡಿದ್ದು ಹೆಚ್ಚೆಂದರೆ ನೂರು ಯೂರೋ. ಮನೆ ಬಾಡಿಗೆ, ರೈಲು, ಸಂತೆ ಎಲ್ಲ ಸೇರಿ ಮೂವರಿಗೆ ಎರಡು ವಾರದಷ್ಟು ಸುತ್ತಾಟಕ್ಕೆ ಒಂದೂವರೆ ಸಾವಿರ ದಾಟಿತು, ಎರಡು ಸಾವಿರ ಮುಟ್ಟಲಿಲ್ಲ. ಇದಕ್ಕಿಂತ ಕಡಿಮೆಯಲ್ಲಿ ಮಾಡಿದವರನ್ನು ನಾನು ನೋಡಿಲ್ಲ.

ತುಲೂಸಿನ ಕಡೆಯ 50 ಕಿ.ಮೀ. ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಒಳ್ಳೆ ಡಾಂಬರು, ಮಕ್ಕಳೂ ತುಳಿಯುತ್ತಾರೆ. ನಮ್ಮ ಮನೆಯಿಂದಲೇ ದಿನಕ್ಕಿಷ್ಟು ಅಂತ ಮುಗಿಸಿದೆವು. ಓಡ್ ಜಿಲ್ಲೆ ಶುರುವಾದ ಮೇಲೆ ಜಲ್ಲಿ, ಮಣ್ಣು, ಬೇರು.

ನಾಲೆಯ ಅತಿ ಎತ್ತರದ ಜಾಗ ನೊರೂಜ್, 189 ಮೀಟರ್. ಅಲ್ಲಿಂದ ಒಂದು ಕಡೆ ನೀರು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಕಡೆ ಮೆಡಿಟರೇನಿಯನ್ ಕಡೆಗೆ. ಅಪ್ಪ ಮಂಡ್ಯದಲ್ಲಿ ವಿಶ್ವೇಶ್ವರಯ್ಯ ನಾಲೆಯ ಮೇಲೆ ವರ್ಷಗಟ್ಟಲೆ ನೀರಾವರಿ ಕೆಲಸ ಮಾಡಿದವರು. ಸೈಕಲ್ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟು ಎತ್ತರಕ್ಕೆ ನೀರು ಎಲ್ಲಿಂದ ಬತ್ತದಪ್ಪ?" ಅದಕ್ಕೆ ಉತ್ತರ ಕೊಡಲು ಒಂದು ದಿನ ಪೂರ್ತಿ ದಾರಿ ಬಿಟ್ಟು ಹೋದೆವು. ನೊರೂಜ್‌ನಿಂದ ರೆವೆಲ್ ಕಡೆಗೆ ಸುಮಾರು 40 ಕಿ.ಮೀ. ಉದ್ದದ ಪುಟ್ಟ ತೋಡುನಾಲೆ ಇದೆ, ರಿಗೋಲ್ ಅಂತಾರೆ. ಕಪ್ಪು ಬೆಟ್ಟದ ಹಳ್ಳಗಳ ನೀರನ್ನು ಹಿಡಿದು ಇಲ್ಲಿಗೆ ತರುವುದು ಅದೇ. ಪಕ್ಕದಲ್ಲಿ ಕಾಲುದಾರಿ, ಒಳ್ಳೆ ನೆರಳು. ದೊಡ್ಡ ನಾಲೆಗಿಂತ ನನಗೆ ಇದೇ ಹಿಡಿಸಿತು. ಬೆಟ್ಟದ ಬುಡದಲ್ಲಿ ಸೆಂ ಫೆರಿಯೊಲ್ ಅಣೆಕಟ್ಟು, 1672ರದ್ದು. 60 ಲಕ್ಷ ಘನ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು ಹಿಡಿಯುತ್ತದೆ. ಅಪ್ಪ ನಿಂತಲ್ಲೇ ಲೆಕ್ಕ ಹಾಕಿದರು. ಕಾಲು ಟಿಎಂಸಿಯೂ ಇಲ್ಲ! ಕೆಆರ್‌ಎಸ್‌ನಲ್ಲಿ 49 ಟಿಎಂಸಿ. ಇಷ್ಟು ಸಣ್ಣ ಕೆರೆ ನಂಬಿಕೊಂಡು ಇಷ್ಟು ದೊಡ್ಡ ನಾಲೆ ನಡೆಸಿದರಲ್ಲ ಅಂತ ಅವತ್ತು ರಾತ್ರಿಯೆಲ್ಲ ಅದೇ ಮಾತು.

ನಾಲೆ ಕಟ್ಟಿಸಿದ ಪಿಯೆರ್-ಪೊಲ್ ರಿಕೆ ಇಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. 1666ರಲ್ಲಿ ರಾಜನ ಅಪ್ಪಣೆ ಸಿಕ್ಕಿತು. ತನ್ನ ಸ್ವಂತ ದುಡ್ಡನ್ನೂ ಸುರಿದ. ನಾಲೆ ತೆರೆದದ್ದು 1681ರಲ್ಲಿ, ಅವನು ತೀರಿಕೊಂಡಿದ್ದು ಅದರ ಹಿಂದಿನ ವರ್ಷ. ದೋಣಿ ಏರಿಸಿ ಇಳಿಸುವ ತೊಟ್ಟಿಗಳ, ಅಂದರೆ ಲಾಕ್‌ಗಳ, ಗೋಡೆ ಇಲ್ಲಿ ಮೊಟ್ಟೆಯಾಕಾರದಲ್ಲಿ ಹೊರಗೆ ಬಾಗಿದೆ. ಮೊದಮೊದಲು ಕಟ್ಟಿದ ನೇರ ಗೋಡೆ ಮಣ್ಣಿನ ಒತ್ತಡಕ್ಕೆ ಕುಸಿದಿತ್ತು, ಆಮೇಲೆ ಬಾಗಿಸಿ ಕಟ್ಟಿದರು. ಪ್ರತಿ ಲಾಕ್ ಹತ್ತಿರವೂ ಅಪ್ಪನಿಗೆ ಅರ್ಧ ಗಂಟೆ ಬೇಕು. ದಿನಕ್ಕೆ 25 ಕಿ.ಮೀ. ಯಾಕೆ ಅಂದವರಿಗೆ ಇದೇ ಉತ್ತರ.

ಊಟದ ವಿಷಯಕ್ಕೆ ಬಂದರೆ, ಕ್ಯಾಸ್ತೆಲ್ನೊದಾರಿ ಕಾಸುಲೆಗೆ ಹೆಸರುವಾಸಿ. ಬಾತುಕೋಳಿ, ಹಂದಿ ಮಾಂಸ ಹಾಕಿ ಬೇಯಿಸುವ ಕಾಳಿನ ಅಡುಗೆ. ಅಮ್ಮ ಮಾಂಸ ಮುಟ್ಟುವುದಿಲ್ಲ. ಆದರೆ ಸೋಮವಾರದ ಸಂತೆಯಲ್ಲಿ ಆ ಬಿಳಿ ಲ್ಯಾಂಗೋ ಕಾಳನ್ನು ನೋಡಿ ಒಂದು ಕೆ.ಜಿ. ತಗೊಂಡರು. ರಾತ್ರಿ ನೆನೆಸಿ, ಮಾರನೇ ದಿನ ಪಾಲಕ್ ಸೊಪ್ಪಿನ ಜೊತೆ ಬೇಯಿಸಿ ಬಸಿದು ಬಸ್ಸಾರು ಮಾಡಿದರು. ಜೊತೆಗೆ ಮಂಡ್ಯದಿಂದ ಬಂದ ರಾಗಿ ಹಿಟ್ಟಿನ ಮುದ್ದೆ. ಅವರೆಕಾಳನ್ನು ಮೀರಿಸಿತು ಅಂತ ಹೇಳಿದರೆ ಊರಲ್ಲಿ ಬೈತಾರೆ, ಆದರೂ ಹೇಳುತ್ತೇನೆ. ಕಾಮಾರ್ಗ್‌ನಲ್ಲಿ ಬೆಳೆಯುವ ದುಂಡಕ್ಕಿಯಲ್ಲಿ ಬಿಸಿಬೇಳೆ ಬಾತ್ ಕೂಡ ಮಾಡಿ ನೋಡಿದೆವು. ಅಂಟಾಯಿತು, ಬೇಡ.

ದಾರಿಯಲ್ಲಿ ನೀರು ತುಂಬಿಸಲು ಇಲ್ಲಿನ ಸೈಕಲ್‌ನವರು ಸ್ಮಶಾನದ ನಲ್ಲಿಗೆ ಹೋಗುತ್ತಾರೆ, ಪ್ರತಿ ಹಳ್ಳಿಯಲ್ಲೂ ಇರುತ್ತದೆ. "ಮಸಣದ ನೀರು ಕುಡಿಯೋದುಂಟಾ?" ಅಂದರು ಅಮ್ಮ. ಸರಿ, ಮೂವರಿಗೂ ಎರಡೆರಡು ಲೀಟರ್ ಮನೆಯಿಂದಲೇ. ಒಳ್ಳೆಯದೇ ಆಯಿತು, ಯಾಕೆಂದರೆ ತ್ರೆಬ್ ಆಸುಪಾಸಿನಲ್ಲಿ ನೆರಳೇ ಇಲ್ಲ. ನಾಲೆಯ ಉದ್ದಕ್ಕೂ 42,000 ಪ್ಲೇನ್ ಮರ ಇದ್ದವು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಔಷಧಿ ಇಲ್ಲ. ರೋಗ ಬಂದ ಮರವನ್ನೂ ಪಕ್ಕದ ಮರವನ್ನೂ ಕಡಿದು ಸುಡುವುದೊಂದೇ ದಾರಿ. ಸಾವಿರ ಸಾವಿರ ಮರ ಹೋಗಿವೆ. ಹೊಸದಾಗಿ ಓಕ್ ಜಾತಿಯ ಗಿಡ ನೆಡುತ್ತಿದ್ದಾರೆ, ಇನ್ನೂ ಎಳೆಯವು. ಬೋಳು ಏರಿ ನೋಡಿ ನನಗೆ ಬಹಳ ಸಂಕಟವಾಯಿತು. ಈ ಭಾಗವನ್ನು ಬೆಳಗ್ಗೆ ಏಳಕ್ಕೇ ಶುರು ಮಾಡಿ ಹನ್ನೊಂದರೊಳಗೆ ಮುಗಿಸಿ.

ಕಾರ್ಕಾಸೊನ್ ಮತ್ತು ಬೇಜಿಯೇ ನಡುವೆ ನಮ್ಮ ಪದ್ಧತಿಗೆ ನಿಜವಾದ ಪರೀಕ್ಷೆ. ಅಲ್ಲಿ ರೈಲು ನಾಲೆಯನ್ನು ಬಿಟ್ಟು ದಕ್ಷಿಣಕ್ಕೆ ಹೋಗಿಬಿಡುತ್ತದೆ. ನಾಲೆ ಬದಿಯ ಓಂಪ್ಸ್ ಊರಿನಿಂದ ಲೆಜಿನ್ಯಾಂ ಸ್ಟೇಷನ್‌ಗೆ ಹತ್ತು ಕಿ.ಮೀ. ದ್ರಾಕ್ಷಿ ತೋಟದ ರಸ್ತೆ. ನಾಲೆ ಬದಿಯ ಇನ್ನೊಂದು ಊರು ಲ ಸೊಮಾಯ್‌ಗೆ ಬೇಕಾದರೆ ನಾರ್ಬೊನ್‌ನಲ್ಲಿ ಇಳಿದು ರೊಬೀನ್ ನಾಲೆ ಹಿಡಿದು ಹೋಗಬೇಕು, 15-20 ಕಿ.ಮೀ. ಆಗುತ್ತದೆ. ಇದಕ್ಕೆ ನಾರ್ಬೊನ್‌ನಲ್ಲೇ ಮನೆ ಹಿಡಿದದ್ದು ನಮ್ಮನ್ನು ಕಾಪಾಡಿತು. ಇಲ್ಲಿ ದಿನಕ್ಕೆ 40 ಆಗುತ್ತದೆ, ಹಾಗಾಗಿ ಒಂದು ದಿನ ಬಿಟ್ಟು ಒಂದು ದಿನ ತುಳಿದೆವು. ಲಾಭವೆಂದರೆ ಆರ್ಜಾನ್ಸ್‌ನಿಂದ ಬೇಜಿಯೇವರೆಗೆ 54 ಕಿ.ಮೀ. ಒಂದೂ ಲಾಕ್ ಇಲ್ಲ, ನೀರು ಗುಡ್ಡ ಬಳಸಿಕೊಂಡು ಒಂದೇ ಮಟ್ಟದಲ್ಲಿ ಹೋಗುತ್ತದೆ.

ಬೇಜಿಯೇಗೆ ಮುಂಚೆ ಮಾಲ್ಪಾ ಸುರಂಗ. ಗುಡ್ಡದ ಕೆಳಗೆ ನಾಲೆ, ಅದರ ಕೆಳಗೆ ರೈಲಿನ ಸುರಂಗ, ಅದಕ್ಕೂ ಹಳೆಯದು ಮೊಂತಾದಿ ಕೆರೆಯನ್ನು ಬತ್ತಿಸಲು 13ನೇ ಶತಮಾನದಲ್ಲಿ ಕೊರೆದ ನೀರುಗಂಡಿ. ಒಂದೇ ಗುಡ್ಡದಲ್ಲಿ ಮೂರು. ಮೇಲಿನ ಆನ್ಸೆರ್ಯೂನ್ ಅನ್ನುವ ಪುರಾತನ ಊರಿನ ಜಾಗಕ್ಕೆ ಸೈಕಲ್ ತಳ್ಳಿಕೊಂಡಾದರೂ ಹತ್ತಿ. ಅಲ್ಲಿಂದ ಬತ್ತಿಸಿದ ಕೆರೆಯ ಹೊಲಗಳು ಚಕ್ರದ ಕಡ್ಡಿಗಳ ಹಾಗೆ ಕಾಣುತ್ತವೆ. ಫೊನ್‌ಸೆರಾನ್‌ನ ಮೆಟ್ಟಿಲು ಲಾಕ್‌ಗಳ ಹತ್ತಿರ ಜನ ಜಾತ್ರೆ. 8 ತೊಟ್ಟಿ, 9 ಬಾಗಿಲು, 21 ಮೀಟರ್‌ಗಿಂತ ಜಾಸ್ತಿ ಇಳಿತ. ಅಪ್ಪನನ್ನು ಅಲ್ಲಿಂದ ಎಬ್ಬಿಸಲು ಮಧ್ಯಾಹ್ನ ಎರಡಾಯಿತು. ಅಲ್ಲಿ ಜನ ಇಲ್ಲದೆ ದೋಣಿ ನೋಡಲು ಒಂದು ಒಳ್ಳೆ ಜಾಗ ಇದೆ, ಅದು ನಮ್ಮ ಮೂವರಲ್ಲೇ ಇರಲಿ.

ಆಗ್ದ್‌ನಲ್ಲಿ ದುಂಡು ಲಾಕ್ ನೋಡಿ, ಮಾರ್ಸೆಯಾಂ ಹತ್ತಿರ ಓಂಗ್ಲೂ ದೀಪಸ್ತಂಭದವರೆಗೆ ಹೋದರೆ ನಾಲೆ ಮುಗಿಯಿತು. ಮುಂದೆ ಸೆತ್‌ಗೆ ಸಮುದ್ರ ಮತ್ತು ಸರೋವರದ ನಡುವಿನ ಮರಳು ಪಟ್ಟಿಯಲ್ಲಿ ಸೈಕಲ್ ದಾರಿ ಇದೆ, ನೆರಳು ಚೂರೂ ಇಲ್ಲ. ಅಮ್ಮ ದೀಪಸ್ತಂಭದ ಹತ್ತಿರ ಸಾಕು ಅಂದರು, ನಾವು ಆಗ್ದ್‌ಗೆ ವಾಪಸ್ ಬಂದು ರೈಲು ಹಿಡಿದೆವು. ಶನಿವಾರ, ಭಾನುವಾರ ಆ ರೈಲು ತುಂಬಿರುತ್ತದೆ. ಕೊನೆಯ ದಿನವನ್ನು ಮಂಗಳವಾರವೋ ಬುಧವಾರವೋ ಬರುವ ಹಾಗೆ ಇಟ್ಟುಕೊಳ್ಳಿ.